ನಮ್ಮ ಬ್ಯಾಂಡಿನ ‘ಗ್ರೇಟೆಸ್ಟ್ ಹಿಟ್ಸ್’ ಬಂತು, ನಮ್ಮನ್ನು ಯಾರೂ ಕೇಳಲಿಲ್ಲ

ಪ್ರಶ್ನೆ: ನಾನು ಬೆಳಗಾವಿಯ ಟಿಳಕವಾಡಿಯವನು. ಇಂಜಿನಿಯರಿಂಗ್ ಓದುವಾಗ ನಾಲ್ವರು ಗೆಳೆಯರು ಸೇರಿ ಒಂದು ಕನ್ನಡ ರಾಕ್ ಬ್ಯಾಂಡ್ ಕಟ್ಟಿದ್ದೆವು. ಮೊದಲ ಆಲ್ಬಮ್ 2001ರಲ್ಲಿ ಬಂತು. ಪುಣೆಯ ಸ್ಟುಡಿಯೊದಲ್ಲಿ ನಾವೇ ದುಡ್ಡು ಕಟ್ಟಿ ರೆಕಾರ್ಡ್ ಮಾಡಿ, ಮುಂಬೈಯ ಒಂದು ಸಣ್ಣ ಕ್ಯಾಸೆಟ್ ಕಂಪನಿಗೆ ಕೊಟ್ಟೆವು. 2004ರ ಎರಡನೇ ಆಲ್ಬಮ್ಮಿನ ಖರ್ಚು ಕಂಪನಿಯದೇ. ಬಾಂಡ್ ಪೇಪರ್ ಮೇಲೆ ಸಹಿ ಹಾಕಿದ್ದು ನೆನಪಿದೆ, ಓದಿದ್ದು ನೆನಪಿಲ್ಲ. ಆ ಕಂಪನಿ ಈಗಿಲ್ಲ. ಅದರ ಹಾಡುಗಳನ್ನೆಲ್ಲ ಬೇರೊಂದು ಲೇಬಲ್ (ರೆಕಾರ್ಡ್ ಕಂಪನಿ) ಕೊಂಡಿದೆ. ಮೊನ್ನೆ ಅಣ್ಣನ ಮಗ ಫೋನ್ ತೋರಿಸಿದ. ನಮ್ಮ ಹೆಸರಿನಲ್ಲಿ ಹದಿನಾಲ್ಕು ಹಾಡುಗಳ ‘ಗ್ರೇಟೆಸ್ಟ್ ಹಿಟ್ಸ್’ ಬಂದಿದೆ, ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಕೂಡ ಬರಲಿದೆಯಂತೆ. ಎರಡು ಹಾಡಿನ ಗಿಟಾರ್ ಸೋಲೊ ಕತ್ತರಿಸಿದ್ದಾರೆ. ಒಂದು ಹಾಡಿಗೆ ಸಾಹಿತ್ಯ ಬರೆದವನ ಹೆಸರೇ ತಪ್ಪು. ಕೊನೆಯ ಹಾಡಂತೂ ನಾವು ಮನೆಯಲ್ಲಿ ಪ್ರಾಕ್ಟೀಸ್ ಮಾಡುವಾಗ ರೆಕಾರ್ಡ್ ಮಾಡಿ, ಸುಮ್ನೆ ಕೇಳಲಿ ಎಂದು ಕಂಪನಿಗೆ ಕಳಿಸಿದ್ದು. ನಮ್ಮ ಬಾಸ್ ಗಿಟಾರಿಸ್ಟ್ ತೀರಿಕೊಂಡಿದ್ದಾನೆ. ‘ಏನಾದರೂ ದುಡ್ಡು ಬರುತ್ತಾ ಅಣ್ಣಾ’ ಎಂದು ಅವನ ಹೆಂಡತಿ ಕೇಳುತ್ತಾರೆ. ಒಬ್ಬ ಗೆಳೆಯ ‘ಕೇಸ್ ಹಾಕು, ಕೋಟಿ ಬರುತ್ತೆ’ ಅಂತಾನೆ. ಇನ್ನೊಬ್ಬ ‘ಸಹಿ ಹಾಕಿದ ಮೇಲೆ ಮುಗೀತು ಬಿಡು’ ಅಂತಾನೆ. ಯಾವುದು ನಿಜ? ಎಲ್‌ಪಿ ಬಿಡುಗಡೆಗೆ ಬೆಳಗಾವಿಯಲ್ಲೇ ಕಾರ್ಯಕ್ರಮ ಇಟ್ಟುಕೊಳ್ಳುತ್ತೇವೆ, ಬಂದು ನುಡಿಸಿ ಎಂದು ಲೇಬಲ್‌ನವರು ಮೇಲ್ ಹಾಕಿದ್ದಾರೆ. ಹೋಗಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ದುಡ್ಡಿನ ಮಾತು ಕಡಿಮೆ, ‘ನಮ್ಮನ್ನು ಕೇಳಲೇ ಇಲ್ಲ’ ಎಂಬ ಸಿಟ್ಟು ಜಾಸ್ತಿ. ನನ್ನ ಹತ್ತಿರ ಬರುವ ಹಳೆ ಬ್ಯಾಂಡ್‌ಗಳವರೆಲ್ಲ ಹೀಗೇ ಮಾತು ಶುರು ಮಾಡುತ್ತಾರೆ. ಆದರೆ ಕಾನೂನಿನ ತಕ್ಕಡಿಯಲ್ಲಿ ಆ ಸಿಟ್ಟಿಗೆ ತೂಕ ಕಡಿಮೆ. ತೂಕ ಇರುವುದು ಬೇರೆ ಕಡೆ: ಹಾಡು ಬರೆದವರು, ರಾಗ ಹಾಕಿದವರು ನೀವು ಎಂಬುದರಲ್ಲಿ, ಮತ್ತು ಮೊದಲ ಆಲ್ಬಮ್ಮಿಗೆ ಸ್ಟುಡಿಯೊ ಬಿಲ್ ಕಟ್ಟಿದವರು ನೀವು ಎಂಬುದರಲ್ಲಿ. ನಿಮ್ಮ ಇಬ್ಬರು ಗೆಳೆಯರೂ ಅರ್ಧರ್ಧ ತಪ್ಪು ಹೇಳಿದ್ದಾರೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಹಾಡು ಬೇರೆ, ಆ ಹಾಡಿನ ರೆಕಾರ್ಡಿಂಗ್ ಬೇರೆ. ಹಾಡು ಹೊಲ ಅಂದುಕೊಳ್ಳಿ, ರೆಕಾರ್ಡಿಂಗ್ ಅಂದರೆ ಆ ಹೊಲದಲ್ಲಿ ಒಂದು ವರ್ಷ ತೆಗೆದ ಬೆಳೆ. ಬೀಜ, ಗೊಬ್ಬರ, ಆಳಿನ ಖರ್ಚು ಹಾಕಿದವರಿಗೆ ಆ ವರ್ಷದ ಬೆಳೆ ಹೋಗಬಹುದು. ಅಷ್ಟಕ್ಕೇ ಹೊಲ ಅವರದಾಗುವುದಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ನೋಡುವುದೂ ಹೀಗೇ. ಸಾಹಿತ್ಯಕ್ಕೆ ಬರೆದವರು ಒಡೆಯರು. ಸಂಗೀತಕ್ಕೆ ರಾಗ ಹಾಕಿದವರು ಒಡೆಯರು. ರೆಕಾರ್ಡಿಂಗಿಗೆ ಮಾತ್ರ, ಅದನ್ನು ಮಾಡಿಸುವ ಮುತುವರ್ಜಿ ಮತ್ತು ಹೊಣೆ ಹೊತ್ತ ನಿರ್ಮಾಪಕರು ಒಡೆಯರು. ಹಾಡಿದವರು, ನುಡಿಸಿದವರಿಗೆ ಇವೆಲ್ಲದರ ಹೊರಗೆ ಕಲಾವಿದರ ಹಕ್ಕು ಎಂಬ ಇನ್ನೊಂದು ಹಕ್ಕಿದೆ.

ಈಗ ನಿಮ್ಮ ಎರಡು ಆಲ್ಬಮ್‌ಗಳನ್ನು ಬೇರೆ ಬೇರೆ ಇಟ್ಟು ನೋಡಿ.

ಎರಡನೆಯದು ಸರಳ. ಖರ್ಚು ಕಂಪನಿಯದು, ಸ್ಟುಡಿಯೊ ಗೊತ್ತು ಮಾಡಿದ್ದು ಕಂಪನಿ. ಹಾಗಾಗಿ ರೆಕಾರ್ಡಿಂಗ್ ಅವರದು. ಮೊದಲು ಪ್ರಕಟವಾದ ವರ್ಷದ ನಂತರ 60 ವರ್ಷ ಅದರ ಹಕ್ಕು ಇರುತ್ತದೆ. ಕರಾರಿನಲ್ಲಿ ಅಡ್ಡಿ ಇಲ್ಲದಿದ್ದರೆ ಅದರಿಂದ ಕೆಲವು ಹಾಡು ಆರಿಸಿ ಹೊಸ ಹೆಸರಿನಲ್ಲಿ ತರಲು ಅವರು ನಿಮ್ಮನ್ನು ಕೇಳಬೇಕಿಲ್ಲ. ಬೇಜಾರಿನ ಸಂಗತಿ, ಆದರೆ ನಿಜ. ಇದು ಸಣ್ಣ ಬ್ಯಾಂಡ್‌ಗಳಿಗೆ ಮಾತ್ರ ಆಗುವ ಅನ್ಯಾಯವೂ ಅಲ್ಲ. ಬ್ರಿಟನ್ನಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನವರ ಅರವತ್ತರ ದಶಕದ ಹಾಡುಗಳ ಹಕ್ಕು ಅವರ ಹಳೆಯ ಮ್ಯಾನೇಜರ್ ಆಲನ್ ಕ್ಲೈನ್ ಅವರ ಕಂಪನಿಯಲ್ಲಿ ಉಳಿದುಬಿಟ್ಟಿತು. 1971ರ ಕೊನೆಗೆ ಆ ಕಂಪನಿ ಹಳೆಯ ಹಾಡುಗಳ ಎರಡು ಎಲ್‌ಪಿಗಳ ಸಂಕಲನ ತಂದಿತು. ಅಮೆರಿಕದಲ್ಲಿ ಆ ಬ್ಯಾಂಡಿನ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳಲ್ಲಿ ಅದೂ ಒಂದು. 2008ರಲ್ಲಿ ರೇಡಿಯೊಹೆಡ್‌ಗೂ ಇದೇ ಆಯಿತು. ಅವರು ಇಎಂಐ ಎಂಬ ರೆಕಾರ್ಡ್ ಕಂಪನಿ ಬಿಟ್ಟು ಹೋಗಿದ್ದರು, ಕಂಪನಿ ‘ಬೆಸ್ಟ್ ಆಫ್’ ತಂದಿತು. ಆಯ್ಕೆಯಲ್ಲಿ ಬ್ಯಾಂಡಿನ ಕೈ ಇರಲಿಲ್ಲ.

ಲೇಬಲ್‌ಗಳಿಗೆ ಇದರ ಮೇಲೆ ಯಾಕಿಷ್ಟು ಪ್ರೀತಿ ಅಂದರೆ, ಸ್ಟುಡಿಯೊ ಖರ್ಚಿಲ್ಲ, ಹಾಡು ಈಗಾಗಲೇ ಕಿವಿಗೆ ಬಿದ್ದಿದೆ, ಕವರ್ ಒಂದು ಹೊಸದು ಮಾಡಿಸಿದರೆ ಸಾಕು. ಈಗಲ್ಸ್ ಬ್ಯಾಂಡಿನ 1976ರ ಸಂಕಲನ ಅಮೆರಿಕ ಒಂದರಲ್ಲೇ 2018ರ ಹೊತ್ತಿಗೆ 3.8 ಕೋಟಿ ಪ್ರತಿಗಳ ಲೆಕ್ಕಕ್ಕೆ ಪ್ರಮಾಣಪತ್ರ ಪಡೆಯಿತು. ಅಲ್ಲಿ ಇದ್ದದ್ದು ಹಳೆಯ ನಾಲ್ಕು ಆಲ್ಬಮ್‌ಗಳ ಹಾಡುಗಳೇ, ಹೊಸದೊಂದೂ ಇಲ್ಲ. ನಿಮ್ಮ ಲೇಬಲ್‌ನವರ ತಲೆಯಲ್ಲಿರುವುದೂ ಈ ಲೆಕ್ಕವೇ, ಅಳತೆ ಮಾತ್ರ ಬಹಳ ಸಣ್ಣದು.

ಇನ್ನು ಮೊದಲ ಆಲ್ಬಮ್. ನಿಮ್ಮ ಕೇಸಿನಲ್ಲಿ ಜೀವ ಇರುವುದು ಇಲ್ಲೇ.

ಆ ಕಾಲದಲ್ಲಿ ಸಣ್ಣ ಕ್ಯಾಸೆಟ್ ಕಂಪನಿಗಳ ಪದ್ಧತಿ ನಿಮಗೆ ಗೊತ್ತೇ ಇದೆ. ‘ನೀವೇ ರೆಕಾರ್ಡ್ ಮಾಡಿಕೊಂಡು ಮಾಸ್ಟರ್ (ಅಂತಿಮ ಮೂಲ ಪ್ರತಿ) ತನ್ನಿ, ನಾವು ಕ್ಯಾಸೆಟ್ ಹೊಡೆಸಿ ಅಂಗಡಿಗೆ ಹಾಕುತ್ತೇವೆ.’ ಹೀಗೆ ಆದಾಗ ಕಾಯ್ದೆಯ ಪ್ರಕಾರ ನಿರ್ಮಾಪಕರು ನೀವೇ. ರೆಕಾರ್ಡಿಂಗ್ ಹುಟ್ಟುವಾಗಲೇ ನಿಮ್ಮದು. ಅದು ಕಂಪನಿಗೆ ಹೋಗಬೇಕಾದರೆ ನೀವು ಬರವಣಿಗೆಯಲ್ಲಿ, ಸಹಿ ಹಾಕಿ ಬರೆದುಕೊಟ್ಟಿರಬೇಕು. ಟೇಪು ಕೈಗೆ ಕೊಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಬರೆದುಕೊಟ್ಟಿದ್ದೀರಿ ಅಂತಲೇ ಇಟ್ಟುಕೊಳ್ಳೋಣ. ಆಗ ಕಲಂ 19ರ ಎರಡು ಸಣ್ಣ ಸಾಲು ನಿಮ್ಮ ಪರ ಬರುತ್ತವೆ. ಎಷ್ಟು ವರ್ಷಕ್ಕೆ ಕೊಟ್ಟಿದ್ದು ಎಂದು ಕರಾರಿನಲ್ಲಿ ಬರೆದಿಲ್ಲದಿದ್ದರೆ ಅದು 5 ವರ್ಷಕ್ಕೆ ಕೊಟ್ಟದ್ದು ಎಂದು ಲೆಕ್ಕ. ಯಾವ ಪ್ರದೇಶಕ್ಕೆ ಎಂದು ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಈ ಸಾಲುಗಳು 1994ರ ತಿದ್ದುಪಡಿಯಲ್ಲಿ ಬಂದವು, 2001ರ ಕರಾರಿಗೆ ಅನ್ವಯಿಸುತ್ತವೆ.

ಅಂದರೆ ನಿಮ್ಮ ಬಾಂಡ್ ಪೇಪರಿನಲ್ಲಿ ವರ್ಷದ ಮಾತೇ ಇಲ್ಲದಿದ್ದರೆ ಮೊದಲ ಆಲ್ಬಮ್ಮಿನ ಹಕ್ಕು 2006ರಲ್ಲೇ ನಿಮ್ಮ ಕೈಗೆ ವಾಪಸ್ ಬಂದಿದೆ. ಹಳೆ ಕಂಪನಿಯ ಹತ್ತಿರ ಇಲ್ಲದ್ದನ್ನು ಹೊಸ ಲೇಬಲ್ ಕೊಂಡಿರಲು ಸಾಧ್ಯವಿಲ್ಲ. ಆದರೆ ಅದರಲ್ಲಿ ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’, ‘ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ’ ಎಂಬ ಮೂರು ಮಾತು ಇದ್ದರೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆ. ಮುಂಬೈಯ ಕಂಪನಿಗಳ ಇಂಗ್ಲಿಷ್ ನಮೂನೆಯ ಕರಾರುಗಳಲ್ಲಿ ಈ ಮಾತುಗಳು ಸಾಮಾನ್ಯ. ಸಣ್ಣ ಕಂಪನಿಗಳು ಕೋರ್ಟಿನ ಎದುರು ಟೈಪ್ ಮಾಡಿಸಿದ ಒಂದು ಪುಟದ ಕರಾರುಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ನಿಮ್ಮದು ಯಾವ ಬಗೆಯದು ಎಂದು ಕಾಗದ ನೋಡದೆ ಯಾವ ವಕೀಲರೂ ಹೇಳಲಾರರು. ಹೇಳಿದರೆ ನಂಬಬೇಡಿ.

ಕಾಗದ ಸಿಗದಿದ್ದರೆ? ಲೇಬಲ್‌ನವರನ್ನೇ ಕೇಳಿ. ಹಕ್ಕು ತಮ್ಮದು ಎನ್ನುವವರು ಅದು ತಮಗೆ ಹೇಗೆ ಬಂತು ಎಂದು ತೋರಿಸಬೇಕು: ನಿಮ್ಮಿಂದ ಹಳೆ ಕಂಪನಿಗೆ, ಹಳೆ ಕಂಪನಿಯಿಂದ ತಮಗೆ. ಈ ಎರಡು ಕೊಂಡಿಯಲ್ಲಿ ಒಂದು ಕಾಣೆಯಾಗಿರುವುದು ಅಪರೂಪವೇನಲ್ಲ. ಮುಚ್ಚಿಹೋದ ಕಂಪನಿಗಳ ಹಾಡುಗಳನ್ನು ಕೊಳ್ಳುವಾಗ ಪಟ್ಟಿ ಮಾತ್ರ ಕೈಗೆ ಬಂದಿರುತ್ತದೆ, ಮೂಲ ಕರಾರು ಯಾವುದೋ ಗೋದಾಮಿನಲ್ಲಿ ಗೆದ್ದಲಿಗೆ ಹೋಗಿರುತ್ತದೆ.

ಅಷ್ಟರಲ್ಲಿ ನೀವು ಮನೆಯಲ್ಲಿ ಹುಡುಕಬೇಕಾದದ್ದು ಬೇರೆ. 2001ರ ಕ್ಯಾಸೆಟ್ಟಿನ ಡಬ್ಬಿ ತೆಗೆದು ಒಳಗಿನ ಇನ್‌ಲೇ ಕಾರ್ಡ್ ಬಿಚ್ಚಿ. ಮಡಿಕೆಯ ಕೊನೆಗೆ, ಕಣ್ಣಿಗೆ ಕಷ್ಟವಾಗುವಷ್ಟು ಸಣ್ಣಕ್ಷರದಲ್ಲಿ, ವೃತ್ತದೊಳಗಿನ ‘ಪಿ’ ಗುರುತು, ಪಕ್ಕದಲ್ಲಿ ವರ್ಷ ಮತ್ತು ಒಂದು ಹೆಸರು ಇರುತ್ತದೆ. ರೆಕಾರ್ಡಿಂಗ್ ಮಾಡಿದವರು ಯಾರು, ಹಕ್ಕು ಯಾರದು, ಯಾವ ವರ್ಷದ್ದು ಎಂದು ಛಾಪಿಸಲೇಬೇಕು ಎಂಬುದು ಕಾಯ್ದೆಯದೇ ನಿಯಮ. ಅಲ್ಲಿ ನಿಮ್ಮ ಬ್ಯಾಂಡಿನ ಹೆಸರಿದ್ದರೆ ಅದು ಒಳ್ಳೆಯ ಸಾಕ್ಷಿ. ಕಂಪನಿಯ ಹೆಸರಿದ್ದರೆ ಕಥೆ ಮುಗಿಯಲಿಲ್ಲ, ಆದರೆ ಸ್ಟುಡಿಯೊ ಬಿಲ್, ಬ್ಯಾಂಕಿನ ಚೀಟಿ, ಅಂದಿನ ಪತ್ರ ಯಾವುದಾದರೂ ಬೇಕಾಗುತ್ತದೆ. ಇನ್‌ಲೇಯ ಒಳಪುಟದಲ್ಲಿ ಸಾಹಿತ್ಯ ಯಾರದು, ಸಂಗೀತ ಯಾರದು ಎಂದೂ ಇರುತ್ತದೆ. ಹೊಸ ಸಂಕಲನದಲ್ಲಿ ತಪ್ಪಾಗಿರುವ ಹೆಸರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಡ. ಎರಡೂ ಬದಿಯ ಫೋಟೊ ತೆಗೆದು ಇಟ್ಟುಕೊಳ್ಳಿ.

ಹೆಸರಿನ ವಿಷಯ ಸಣ್ಣದಲ್ಲ. ಬರೆದವರಿಗೆ ತನ್ನ ಕೃತಿ ತನ್ನದು ಎಂದು ಹೇಳಿಕೊಳ್ಳುವ ಹಕ್ಕು ಕಲಂ 57ರಲ್ಲಿದೆ. ಕಾಪಿರೈಟನ್ನು ಮಾರಿದ ಮೇಲೂ ಅದು ಉಳಿಯುತ್ತದೆ. ಇದನ್ನು ಲೇಬಲ್‌ನವರು ತಕರಾರಿಲ್ಲದೆ ಸರಿಮಾಡುತ್ತಾರೆ, ಅವರಿಗೆ ನಷ್ಟವಿಲ್ಲ. ಆದರೆ ಎಲ್‌ಪಿಯ ಕವರ್ ಅಚ್ಚಾಗುವ ಮೊದಲೇ ಹೇಳಬೇಕು. ನಿಮ್ಮ ಮೊದಲ ಮೇಲ್‌ನಲ್ಲೇ ಈ ವಿಷಯ ಇರಲಿ. ತಪ್ಪು ಹೆಸರು ಹಾಗೇ ಉಳಿದರೆ ರಾಯಲ್ಟಿಯೂ ತಪ್ಪು ವಿಳಾಸ ಹುಡುಕಿಕೊಂಡು ಹೋಗುತ್ತದೆ.

ಸೋಲೊ ಕತ್ತರಿಸಿದ್ದಕ್ಕೆ ನಿಮಗೆ ಎಷ್ಟು ನೋವಾಗಿದೆ ಎಂದು ಊಹಿಸಬಲ್ಲೆ. ಆದರೆ ಇಲ್ಲಿ ಕಾಯ್ದೆ ನಿಮ್ಮ ಪರ ಗಟ್ಟಿಯಾಗಿ ನಿಲ್ಲುವುದಿಲ್ಲ. ಕಲಾವಿದರ ಪ್ರದರ್ಶನವನ್ನು ವಿರೂಪ ಮಾಡಿ ಹೆಸರು ಕೆಡಿಸಿದರೆ ಆಕ್ಷೇಪಿಸಬಹುದು ಎಂದು ಕಲಂ 38ಬಿ ಹೇಳುತ್ತದೆ. ಅದರ ಕೆಳಗೇ ಒಂದು ವಿವರಣೆ ಇದೆ: ಎಡಿಟಿಂಗ್‌ಗಾಗಿ ಅಥವಾ ನಿಗದಿತ ಅವಧಿಗೆ ಹೊಂದಿಸಲು ಒಂದು ಭಾಗ ತೆಗೆದರೆ ಅದನ್ನು ವಿರೂಪ ಎನ್ನಲಾಗದು. ಲೇಬಲ್‌ನವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಲೆಕ್ಕವೂ ಅವರ ಕಡೆ ಇದೆ. ಎಲ್‌ಪಿಯ ಒಂದು ಬದಿಯಲ್ಲಿ ಸುಮಾರು 22 ನಿಮಿಷ ದಾಟಿದರೆ ಗೆರೆಗಳು ಒತ್ತೊತ್ತಾಗಿ ದನಿ ಸಣ್ಣಗಾಗುತ್ತದೆ, ಬಾಸ್ ಸೊರಗುತ್ತದೆ. ಹಾಡಿಗೆ ನಾಲ್ಕೂವರೆ ನಿಮಿಷ ಹಿಡಿದರೂ ಹದಿನಾಲ್ಕು ಹಾಡಿಗೆ ಒಂದು ಗಂಟೆ ದಾಟುತ್ತದೆ. ಎರಡು ತಟ್ಟೆ ಮಾಡಿಸಲು ಖರ್ಚು ಜಾಸ್ತಿ, ಅದಕ್ಕೇ ಕತ್ತರಿ. ಆದರೆ ಸ್ಟ್ರೀಮಿಂಗಿನಲ್ಲಿ ಈ ಮಿತಿ ಇಲ್ಲವಲ್ಲ? ಅಲ್ಲಿಗೂ ಎಲ್‌ಪಿಯ ಕತ್ತರಿಸಿದ ಪ್ರತಿಯನ್ನೇ ಹಾಕಿರುವುದು ಸುಮ್ನೆ ಸೋಮಾರಿತನ. ‘ಪೂರ್ಣ ಪ್ರತಿ ಹಾಕಿ’ ಎಂದು ಕೇಳಿ. ಹೆಚ್ಚಿನವರು ಒಪ್ಪುತ್ತಾರೆ.

ದನಿಯ ಗುಣಮಟ್ಟದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಪರೀಕ್ಷೆ ಹೇಳುತ್ತೇನೆ, ಯಾಕೆಂದರೆ ಇದರಿಂದ ಮಾತುಕತೆಯಲ್ಲಿ ನಿಮ್ಮ ಕೈ ಮೇಲಾಗಬಹುದು. ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ಸಂಕಲನದ ಒಂದು ಹಾಡು ನುಡಿಯುವಾಗ ಕಂಪ್ಯೂಟರಿನಲ್ಲೇ ಅದನ್ನು ರೆಕಾರ್ಡ್ ಮಾಡಿ. ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ, ಅಂದರೆ ಯಾವ ಎತ್ತರದ ದನಿ ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಚಿತ್ರಕ್ಕೆ, ಬದಲಿಸಿ. ಒಳ್ಳೆಯ ಮಾಸ್ಟರಿನಿಂದ ಬಂದಿದ್ದರೆ ಸಿಂಬಲ್ ಹೊಡೆದಾಗ ಬಣ್ಣ 20 ಕಿಲೋಹರ್ಟ್ಸ್ ಹತ್ತಿರದವರೆಗೆ ಚಿಮ್ಮುತ್ತದೆ. 16ರ ಆಸುಪಾಸಿನಲ್ಲಿ ಸ್ಕೇಲು ಇಟ್ಟು ಕತ್ತರಿಸಿದಂತೆ ಮೇಲೆಲ್ಲ ಕಪ್ಪಾಗಿದ್ದರೆ, ಅದು ಯಾವುದೋ ಕಾಲದ 128 ಕೆಬಿಪಿಎಸ್ ಎಂಪಿ3ಯಿಂದ ಮಾಡಿದ್ದು ಎಂಬ ಅನುಮಾನ ಬಲವಾಗುತ್ತದೆ. ಅದೇ ಸಂಗತಿಯನ್ನು ತಟ್ಟೆಯ ಮೇಲೆ ಕೊರೆದು ಎಲ್‌ಪಿ ಎಂದು ಮಾರುವುದು ಕೊಳ್ಳುವವರಿಗೆ ಮಾಡುವ ಮೋಸ, ನನ್ನ ಪ್ರಕಾರ. ಇನ್ನೊಂದು, ನಿಮ್ಮ ಗಿಟಾರ್ ಸರಿಯಾಗಿ ಶ್ರುತಿ ಮಾಡಿಕೊಂಡು ಹಾಡಿನ ಜೊತೆ ನುಡಿಸಿ ನೋಡಿ. ಸಂಕಲನದ ಹಾಡು ಕೂದಲೆಳೆಯಷ್ಟು ಮೇಲೆ ಕೇಳಿದರೆ ಯಾರೋ ಕ್ಯಾಸೆಟ್ಟಿನಿಂದ ಇಳಿಸಿದ್ದಾರೆ, ಡೆಕ್ಕಿನ ವೇಗ ಸರಿ ಇರಲಿಲ್ಲ.

ಹಾಗಾದರೆ ಲೇಬಲ್ ಹತ್ತಿರ ಮೂಲ ಮಾಸ್ಟರ್ ಇಲ್ಲ. ನಿಮ್ಮ ಅಟ್ಟದ ಮೇಲೆ ಇದೆಯಾ ನೋಡಿ. 2001ರ ಪುಣೆಯ ಸ್ಟುಡಿಯೊ ಅಂದರೆ ಡ್ಯಾಟ್ ಟೇಪು (ಡಿಜಿಟಲ್ ಕ್ಯಾಸೆಟ್) ಅಥವಾ ಸಿಡಿಆರ್ (ಬರೆಯಬಹುದಾದ ಸಿಡಿ) ಕೊಟ್ಟಿರುವ ಸಾಧ್ಯತೆ ಹೆಚ್ಚು. ಬೆಳಗಾವಿಯ ಮಳೆಗಾಲ ಕಂಡ ಟೇಪುಗಳ ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಹಿಡಿದಿರುತ್ತದೆ. ಅಂಥದ್ದನ್ನು ಆಸೆಗೆ ಬಿದ್ದು ಡೆಕ್ಕಿಗೆ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿ, ಅಲ್ಲಿಂದ ಮುಂದಿನ ಟೇಪಿಗೂ ಹೋಗುತ್ತದೆ. ಟೇಪನ್ನು ಓವನ್ನಿನಲ್ಲಿ ಬೇಯಿಸಿದರೆ ಸರಿಹೋಗುತ್ತದೆ ಎಂದು ವಿಡಿಯೊಗಳಲ್ಲಿ ತೋರಿಸುತ್ತಾರೆ. ಅದು ಎಪ್ಪತ್ತು ಎಂಬತ್ತರ ದಶಕದ ಕೆಲವು ದೊಡ್ಡ ರೀಲುಗಳಿಗೆ ಬಂದ ಅಂಟಿನ ರೋಗಕ್ಕೆ ಮಾಡುವ ಚಿಕಿತ್ಸೆ. ಕ್ಯಾಸೆಟ್ಟಿಗೂ ಡ್ಯಾಟಿಗೂ ಮಾಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುವುದಷ್ಟೇ ಲಾಭ. ಟೇಪು ಸ್ವಚ್ಛ ಮಾಡಿ ಇಳಿಸಿಕೊಡುವವರಿಗೆ ಕೊಡಿ. ಸಿಡಿಆರ್ ಇದ್ದರೆ ಇಂದೇ ಕಾಪಿ ಮಾಡಿಕೊಳ್ಳಿ, ಅದರ ಬಣ್ಣದ ಪದರ ವರ್ಷಗಳಲ್ಲಿ ಮಾಸುತ್ತದೆ. ಒಳ್ಳೆಯ ಮಾಸ್ಟರ್ ನಿಮ್ಮ ಹತ್ತಿರ, ಕೆಟ್ಟ ಪ್ರತಿ ಅವರ ಹತ್ತಿರ ಇದ್ದರೆ ಎಲ್‌ಪಿ ಮಾಡುವವರು ನಿಮ್ಮ ಮನೆ ಬಾಗಿಲಿಗೆ ಬರಲೇಬೇಕು.

ಹದಿನಾಲ್ಕನೇ ಹಾಡಿನಲ್ಲಿ ಅವರು ಎಡವಿದ್ದಾರೆ. ಅದನ್ನು ರೆಕಾರ್ಡ್ ಮಾಡಿದ್ದು ನೀವು, ನಿಮ್ಮ ಮನೆಯಲ್ಲಿ, ನಿಮ್ಮ ಯಂತ್ರದಲ್ಲಿ. ಹಾಗಾಗಿ ಅದು ನಿಮ್ಮದೇ ರೆಕಾರ್ಡಿಂಗ್. ಕಂಪನಿಗೆ ಕಳಿಸಿದ್ದು ಕೇಳಲಿಕ್ಕೆ. ಕಲಾವಿದರು ಒಂದು ಉದ್ದೇಶಕ್ಕೆ ಒಪ್ಪಿ ಕೊಟ್ಟದ್ದನ್ನು ಇನ್ನೊಂದಕ್ಕೆ ಬಳಸುವಂತಿಲ್ಲ ಎಂಬ ಮಾತು 2012ರ ತಿದ್ದುಪಡಿಗೂ ಮೊದಲೇ ಕಾಯ್ದೆಯಲ್ಲಿತ್ತು. ‘ಬ್ಯಾಂಡಿನ ಎಲ್ಲ ರೆಕಾರ್ಡಿಂಗ್‌ಗಳೂ’ ಎಂದು ಕರಾರಿನಲ್ಲಿ ಬರೆದುಕೊಟ್ಟಿಲ್ಲದಿದ್ದರೆ ಈ ಒಂದು ಹಾಡು ಅವರಿಗೆ ತಲೆನೋವು. ಅವರ ವಕೀಲರಿಗೂ ಇದು ಅರ್ಥವಾಗುತ್ತದೆ.

ಕಲ್ಲೆಸೆಯುವ ಮೊದಲು ನಿಮ್ಮ ಮನೆಯ ಗಾಜನ್ನೂ ನೋಡಿಕೊಳ್ಳಿ. ನಮ್ಮ ಕಡೆಯ ರಾಕ್ ಬ್ಯಾಂಡ್ ಅಂದಮೇಲೆ ಒಂದು ಶರೀಫರ ಪದ, ಒಂದು ಬೇಂದ್ರೆಯವರ ಕವಿತೆ ಇಲ್ಲದೆ ಇರುತ್ತದೆಯೇ? ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು, ಅವರ ಪದ ಯಾರು ಬೇಕಾದರೂ ಹಾಡಬಹುದು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ ಅವರ ಕವಿತೆಗೆ ಹಕ್ಕಿನ ಒಡೆಯರಿಂದ ಒಪ್ಪಿಗೆ ಬೇಕು. ರಾಗ ನಿಮ್ಮದಾದರೂ ಸಾಲು ನಿಮ್ಮದಲ್ಲ. ಅಂಥ ಹಾಡು ಇದ್ದರೆ, ಒಪ್ಪಿಗೆ ತಂದವರು ನೀವೋ ಕಂಪನಿಯೋ ಎಂದು ಮೊದಲೇ ನೋಡಿಕೊಳ್ಳಿ.

ದುಡ್ಡಿಗೆ ಬರೋಣ. 2012ರ ಜೂನ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಸಿನಿಮಾದ್ದಲ್ಲದ ಹಾಡಿನ ಸಾಹಿತಿ ಮತ್ತು ಸಂಗೀತಗಾರರು ತಮ್ಮ ಕಾಪಿರೈಟ್ ಮಾರಿದ್ದರೂ, ಹಾಡಿನ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಕೇಳಬಹುದು. ಈ ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ (ಹಕ್ಕುದಾರರ ಪರವಾಗಿ ರಾಯಲ್ಟಿ ವಸೂಲು ಮಾಡುವ ಸಂಸ್ಥೆಗೆ) ಮಾತ್ರ ಕೊಡಬಹುದು. ‘ಸಹಿ ಹಾಕಿದ ಮೇಲೆ ಮುಗೀತು’ ಎಂದ ಗೆಳೆಯನಿಗೆ ಇದನ್ನು ಹೇಳಿ. ಅದೇ ತಿದ್ದುಪಡಿ ಇನ್ನೊಂದು ಮಾತೂ ಹೇಳುತ್ತದೆ: ಕರಾರು ಆದಾಗ ಬಳಕೆಯಲ್ಲೇ ಇರದಿದ್ದ ಮಾಧ್ಯಮ, ಹೆಸರಿಸಿ ಬರೆಯದಿದ್ದರೆ, ಕರಾರಿನೊಳಗೆ ಬರುವುದಿಲ್ಲ. 2001ರಲ್ಲಿ ಸ್ಟ್ರೀಮಿಂಗ್ ಎಲ್ಲಿತ್ತು? ಆದರೆ 2012ಕ್ಕಿಂತ ಹಿಂದಿನ ಕರಾರುಗಳಿಗೆ ಈ ಸಾಲುಗಳು ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂಬ ವಾದ ವಕೀಲರ ನಡುವೆ ಇದೆ. ಆದ್ದರಿಂದ ಇದನ್ನು ಮಾತುಕತೆಯ ಮೇಜಿನ ಮೇಲೆ ಇಡಿ, ಇದೊಂದನ್ನೇ ನಂಬಿ ಕೋರ್ಟಿಗೆ ಹೋಗಬೇಡಿ.

ಮೊತ್ತ ಎಷ್ಟು? ಕೋಟಿಯ ಮಾತು ಮರೆತುಬಿಡಿ. ಒಂದು ಸ್ಟ್ರೀಮಿಗೆ ಇಷ್ಟು ಎಂಬ ನಿಗದಿ ದರ ಎಲ್ಲೂ ಇಲ್ಲ, ತಿಂಗಳ ಒಟ್ಟು ಗಳಿಕೆಯಲ್ಲಿ ಪಾಲು ಹಂಚುತ್ತಾರೆ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದಿದ್ದರೆ ಆ ರೆಕಾರ್ಡಿಂಗಿಗೆ ಏನೂ ಕೊಡುವುದಿಲ್ಲ. ಬೆಳಗಾವಿಯ ಹಳೆ ಬ್ಯಾಂಡಿನ ಹದಿನಾಲ್ಕು ಹಾಡಿನಲ್ಲಿ ಎಷ್ಟು ಆ ಗೆರೆ ದಾಟುತ್ತವೆ? ಜೊತೆಗೆ, ಎರಡನೇ ಆಲ್ಬಮ್ಮಿನ ಸ್ಟುಡಿಯೊ ಖರ್ಚು ಮತ್ತು ಅಡ್ವಾನ್ಸ್ ಇನ್ನೂ ವಸೂಲಾಗಿಲ್ಲ, ಆದ್ದರಿಂದ ನಿಮ್ಮ ಪಾಲು ಸೊನ್ನೆ ಎಂದು ಲೆಕ್ಕ ತೋರಿಸಬಹುದು. ಕಲಾವಿದರ ರಾಯಲ್ಟಿಯಲ್ಲಿ ಹೀಗೆ ಮುರಿದುಕೊಳ್ಳುವುದು ಕರಾರಿನಲ್ಲಿದ್ದರೆ ಸರಿ. ಸಾಹಿತಿ ಮತ್ತು ಸಂಗೀತಗಾರರ ಪಾಲಿನಿಂದಲೂ ಮುರಿದುಕೊಂಡಿದ್ದರೆ ಒಪ್ಪಬೇಡಿ.

ಬರಹಗಾರರ ಪಾಲಿಗೆ ದಾರಿ ಐಪಿಆರ್‌ಎಸ್. 1969ರಿಂದ ಇರುವ, ಸಾಹಿತಿಗಳು, ಸಂಗೀತಗಾರರು ಮತ್ತು ಪ್ರಕಾಶಕರ ಸಂಸ್ಥೆ ಅದು. ಸದಸ್ಯರಾಗಿ, ಪ್ರತಿ ಹಾಡನ್ನೂ ಯಾರ ಪಾಲು ಎಷ್ಟು ಎಂದು ಬರೆದು ನೋಂದಾಯಿಸಿ. ತೀರಿಕೊಂಡ ನಿಮ್ಮ ಗೆಳೆಯ ರಾಗ ಹಾಕುವುದರಲ್ಲಿ ಪಾಲುದಾರನಾಗಿದ್ದರೆ ಅವನ ಪಾಲು ವಾರಸುದಾರರಿಗೆ ಬರುತ್ತದೆ. ಆ ಹಕ್ಕು ಅವನ ಮರಣದ ನಂತರವೂ ಕನಿಷ್ಠ 60 ವರ್ಷ ಇರುತ್ತದೆ. ಅವನ ಹೆಂಡತಿಗೆ ಹೇಳಿ: ದೊಡ್ಡ ಮೊತ್ತ ನಿರೀಕ್ಷಿಸಬೇಡಿ, ಆದರೆ ಹೆಸರು ದಾಖಲಾಗಲಿ. ನಾಳೆ ಯಾವುದೋ ವೆಬ್ ಸೀರೀಸಿನವರು ಒಂದು ಹಾಡು ಕೇಳಿಕೊಂಡು ಬಂದರೆ, ಆಗ ದಾಖಲೆ ಇಲ್ಲದವರ ಕೈಗೆ ಏನೂ ಬರುವುದಿಲ್ಲ.

ಇದಕ್ಕೆ ಮೊದಲು ನೀವು ಮೂವರು ಮತ್ತು ಆ ಹೆಣ್ಣುಮಗಳು ಒಂದು ಸಂಜೆ ಕೂತು, ಯಾವ ಹಾಡಿನಲ್ಲಿ ಯಾರ ಪಾಲು ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ಹೇಳಲು ಸುಲಭ. ನಾನು ಕಂಡ ಹೆಚ್ಚಿನ ಪ್ರಕರಣಗಳು ಲೇಬಲ್ ಎದುರು ಸೋತದ್ದಲ್ಲ, ಈ ಹಾಳೆಯ ಮೇಲೆ ಮುರಿದುಬಿದ್ದದ್ದು. ‘ಆ ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ನಂದು’ ಎಂದು ಇಪ್ಪತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಅವತ್ತು ಹೊರಗೆ ಬರುತ್ತದೆ. ಬರಲಿ, ಲೇಬಲ್‌ನವರ ಎದುರು ಬರುವುದಕ್ಕಿಂತ ಮೇಲು. ಬ್ಯಾಂಡಿನ ಹೆಸರು ಯಾರದು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಿ, ಆಮೇಲೆ ಟ್ರೇಡ್‌ಮಾರ್ಕ್ ನೋಂದಣಿ ಯೋಚಿಸಿದರಾಯಿತು.

ಕಾಪಿರೈಟ್ ಬಗ್ಗೆ ಊರಲ್ಲಿ ಓಡಾಡುವ ಎರಡು ಸುಳ್ಳನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ದಿಲ್ಲಿಯಲ್ಲಿ ನೋಂದಣಿ ಮಾಡಿಸದಿದ್ದರೆ ಹಕ್ಕಿಲ್ಲ ಎಂಬುದು ಸುಳ್ಳು, ಹಾಡು ಹುಟ್ಟಿದಾಗಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಒಂದು ಸಾಕ್ಷಿ ಮಾತ್ರ. ಕ್ಯಾಸೆಟ್ಟನ್ನು ನಿಮಗೆ ನೀವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ಒಡೆಯದೆ ಇಟ್ಟುಕೊಂಡರೆ ಕೇಸು ಗೆದ್ದಂತೆ ಎಂಬುದೂ ಅಷ್ಟೇ.

ಈಗ ದಾರಿಗಳು. ನನ್ನ ಸಲಹೆ, ಪತ್ರದಿಂದ ಶುರು ಮಾಡಿ. ಬೈಗುಳ ಬೇಡ, ಬೆದರಿಕೆ ಬೇಡ. ನಾಲ್ಕು ವಿಷಯ ಕೇಳಿ: ಹಕ್ಕು ಬಂದ ಕಾಗದಗಳ ಪ್ರತಿ, ಇಲ್ಲಿಯವರೆಗಿನ ಗಳಿಕೆಯ ಲೆಕ್ಕ, ಹೆಸರುಗಳ ತಿದ್ದುಪಡಿ, ಹದಿನಾಲ್ಕನೇ ಹಾಡಿನ ಒಪ್ಪಿಗೆ ಎಲ್ಲಿದೆ ಎಂಬ ವಿವರ. ಉತ್ತರಕ್ಕೆ ಒಂದು ತಾರೀಖು ಕೊಡಿ. ‘ನಮ್ಮ ಹಾಡು ಕದ್ದಿದ್ದೀರಿ, ತಕ್ಷಣ ತೆಗೆಯಿರಿ’ ಎಂದು ವಕೀಲರ ನೋಟಿಸ್ ಎಸೆಯುವ ಆಸೆ ಬರುತ್ತದೆ. ಎರಡನೇ ಆಲ್ಬಮ್ಮಿನ ಬಗ್ಗೆ ಹಾಗೆ ಬರೆದರೆ, ಆಧಾರವಿಲ್ಲದ ಬೆದರಿಕೆ ಎಂದು ಅವರೇ ನಿಮ್ಮ ಮೇಲೆ ದಾವೆ ಹೂಡಲು ಕಲಂ 60ರಲ್ಲಿ ಅವಕಾಶ ಇದೆ. ಯೂಟ್ಯೂಬಿಗೆ ದೂರು ಕೊಟ್ಟು ಇಡೀ ಸಂಕಲನ ಇಳಿಸುವುದೂ ಅಂಥದ್ದೇ ಅವಸರ. ಹದಿನಾಲ್ಕನೆಯದರ ಬಗ್ಗೆ ಮಾತ್ರ ದೂರು ಕೊಟ್ಟರೆ ಗಟ್ಟಿ.

ಪತ್ರಕ್ಕೆ ಉತ್ತರ ಬಂದರೆ ಮಾತುಕತೆ. ಓಯಸಿಸ್ ಬ್ಯಾಂಡಿನವರು 2006ರಲ್ಲಿ ಹೀಗೇ ಮಾಡಿದರು. ಸಂಕಲನ ಹೇಗೂ ಬರುತ್ತದೆ ಎಂದು ಗೊತ್ತಾದ ಮೇಲೆ ಬ್ಯಾಂಡಿನ ನೋಯಲ್ ಗ್ಯಾಲಗರ್ ತಾವೇ ಕೂತು ಹಾಡು ಆರಿಸಿದರು. ನೀವು ಕೇಳಬಹುದಾದದ್ದು ಇಷ್ಟು: ಮೊದಲ ಆಲ್ಬಮ್ಮಿನ ರೆಕಾರ್ಡಿಂಗ್ ನಿಮ್ಮದು ಎಂಬ ಒಪ್ಪಿಗೆ, ಅದನ್ನು ಅವರಿಗೆ ಮೂರು ಅಥವಾ ಐದು ವರ್ಷಕ್ಕೆ ಲೈಸೆನ್ಸ್, ಆರು ತಿಂಗಳಿಗೊಮ್ಮೆ ಲೆಕ್ಕ, ಎಲ್‌ಪಿಯ ಒಂದಷ್ಟು ಪ್ರತಿ. ಎಲ್‌ಪಿ ಕೆಲವು ನೂರು ಮಾತ್ರ ಅಚ್ಚಾಗುವುದಾದರೆ, ಆ ಪ್ರತಿಗಳನ್ನು ನೀವೇ ಕಾರ್ಯಕ್ರಮಗಳಲ್ಲಿ ಮಾರಿದರೆ ಬರುವ ದುಡ್ಡು ರಾಯಲ್ಟಿಗಿಂತ ಜಾಸ್ತಿ ಆಗಬಹುದು. ಇಲ್ಲಿರುವ ಅಪಾಯ ಒಂದೇ. ಹೊಸ ಕರಾರಿನ ಒಳಗೆ ‘ಹಿಂದಿನ ಎಲ್ಲ ತಕರಾರು ಮುಗಿದಿದೆ, ಎಲ್ಲ ಹಕ್ಕು ಶಾಶ್ವತವಾಗಿ ಲೇಬಲ್‌ನದು’ ಎಂಬ ಸಾಲು ತೂರಿಸಿರುತ್ತಾರೆ. ನಿಮ್ಮ ಹಳೆಯ ದುರ್ಬಲ ಕರಾರೇ ನಿಮ್ಮ ಆಸ್ತಿ. ಅದನ್ನು ಅವರಿಗೆ ಗಟ್ಟಿ ಮಾಡಿಕೊಡಬೇಡಿ.

ಕರಾರಿನ ಒಂದು ಸಾಲು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಪಿಂಕ್ ಫ್ಲಾಯ್ಡ್ ನೋಡಿ. ಆಲ್ಬಮ್ಮಿನಿಂದ ಹಾಡುಗಳನ್ನು ಬಿಡಿಬಿಡಿಯಾಗಿ ಮಾರುವಂತಿಲ್ಲ ಎಂದು ಅವರ ಕರಾರಿನಲ್ಲಿತ್ತು. 2010ರಲ್ಲಿ ಲಂಡನ್ನಿನ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮರುವರ್ಷ ಇಎಂಐ ಜೊತೆ ಹೊಸ ಒಪ್ಪಂದವೂ ಆಯಿತು. ಗೆದ್ದ ಮೇಲೂ ಅವರು ಕೂತು ಮಾತಾಡಿದರು.

ಕೋರ್ಟಿಗೆ ಹೋಗಲೇಬೇಕಾದರೆ ಒಂದು ಅನುಕೂಲ ಇದೆ. ಕಾಪಿರೈಟ್ ಉಲ್ಲಂಘನೆಯ ದಾವೆಯನ್ನು ನೀವು ವಾಸವಾಗಿರುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದು, ಮುಂಬೈಗೆ ಅಲೆಯಬೇಕಿಲ್ಲ. ಮೇಲ್ಮನವಿ ಹೈಕೋರ್ಟಿನ ಧಾರವಾಡ ಪೀಠಕ್ಕೆ. ಹಕ್ಕಿನ ಮೊತ್ತ 3 ಲಕ್ಷ ದಾಟಿದರೆ ವಾಣಿಜ್ಯ ದಾವೆಯಾಗುತ್ತದೆ, ತುರ್ತು ತಡೆಯಾಜ್ಞೆ ಕೇಳದಿದ್ದರೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. ಉಲ್ಲಂಘನೆಗೆ ಮೂರು ವರ್ಷದ ಕಾಲಮಿತಿ ಇದೆ, ‘ಆಮೇಲೆ ನೋಡೋಣ’ ಎಂದು ಕೂರಬೇಡಿ. ಖರ್ಚು ಮಾತ್ರ ಮೊದಲೇ ಲೆಕ್ಕ ಹಾಕಿ. ವಕೀಲರ ಫೀಸು ಹಾಡಿನ ಗಳಿಕೆಯನ್ನು ಮೀರುವುದು ಬಹುತೇಕ ಖಚಿತ. ಮೊದಲ ಆಲ್ಬಮ್ ವಾಪಸ್ ಬೇಕೇ ಬೇಕು ಎನ್ನುವವರಿಗೆ ಮಾತ್ರ ಈ ದಾರಿ.

ಇನ್ನೊಂದು ದಾರಿ ನನಗೆ ಇಷ್ಟವಾದದ್ದು: ಮತ್ತೆ ರೆಕಾರ್ಡ್ ಮಾಡುವುದು. 1981ರಲ್ಲಿ ಪಿಂಕ್ ಫ್ಲಾಯ್ಡಿನ ಸಂಕಲನಕ್ಕೆ ಒಂದು ಹಿಟ್ ಹಾಡನ್ನು ಅಮೆರಿಕದ ಹಳೆ ಕಂಪನಿ ಕೊಡಲಿಲ್ಲ. ಬ್ಯಾಂಡಿನ ಗಿಟಾರಿಸ್ಟ್ ಡೇವಿಡ್ ಗಿಲ್ಮರ್ ಹೆಚ್ಚುಕಡಿಮೆ ಒಬ್ಬರೇ ಕೂತು ಅದನ್ನು ಹೊಸದಾಗಿ ನುಡಿಸಿದರು. ಡೆಫ್ ಲೆಪರ್ಡ್ ಕೂಡ 2012ರಲ್ಲಿ ಡಿಜಿಟಲ್ ರಾಯಲ್ಟಿಯ ಜಗಳದಲ್ಲಿ ತಮ್ಮ ಹಿಟ್‌ಗಳನ್ನು ಮತ್ತೆ ರೆಕಾರ್ಡ್ ಮಾಡಿದರು. ಸಾಹಿತ್ಯ, ಸಂಗೀತದ ಹಕ್ಕು ನಿಮ್ಮಲ್ಲೇ ಉಳಿದಿದ್ದರೆ ಇದಕ್ಕೆ ಯಾರನ್ನೂ ಕೇಳಬೇಕಿಲ್ಲ. ಆದರೆ ಇಂತಿಷ್ಟು ವರ್ಷ ಇದೇ ಹಾಡುಗಳನ್ನು ಮತ್ತೆ ರೆಕಾರ್ಡ್ ಮಾಡುವಂತಿಲ್ಲ ಎಂಬ ಷರತ್ತು ಕರಾರಿನಲ್ಲಿ ಇದೆಯಾ ನೋಡಿ. ಹಾಡಿನ ಹಕ್ಕನ್ನೇ ಬರೆದುಕೊಟ್ಟಿದ್ದರೆ ಕವರ್ ಹಾಡಿನ (ಬೇರೆಯವರ ಹಾಡನ್ನು ಮತ್ತೆ ರೆಕಾರ್ಡ್ ಮಾಡುವವರ) ನಿಯಮಕ್ಕೆ ಬೀಳುತ್ತೀರಿ. ಅಲ್ಲಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು, ನಿಮ್ಮಂಥ ಬ್ಯಾಂಡಿಗೆ ಅದು ಆಗದ ಮಾತು. ಮತ್ತೆ, ಬಾಸ್ ಯಾರು ನುಡಿಸಬೇಕು ಎಂಬುದನ್ನು ನೀವೇ ತೀರ್ಮಾನಿಸಬೇಕು. ಅದಕ್ಕೆ ನನ್ನ ಹತ್ತಿರ ಕಾನೂನಿನ ಉತ್ತರ ಇಲ್ಲ.

ಏನೂ ಮಾಡದೆ ಬಿಡುವುದೂ ಒಂದು ದಾರಿಯೇ. ಹಾಡು ಹೊಸಬರ ಕಿವಿಗೆ ಬೀಳುತ್ತದೆ, ಸಾಕು ಎನ್ನುವವರಿದ್ದಾರೆ. ಹಾಗಿದ್ದರೂ ಹೆಸರು ತಿದ್ದಿಸಿ, ಐಪಿಆರ್‌ಎಸ್ ಸೇರಿ. ಅಷ್ಟಂತೂ ಮಾಡಿ.

ಬಿಡುಗಡೆ ಕಾರ್ಯಕ್ರಮಕ್ಕೆ ಹೋಗಬೇಕಾ ಎಂದು ಕೇಳಿದ್ದೀರಿ. ಹೋಗಿ, ನುಡಿಸಿ. ಹೋದ ಮಾತ್ರಕ್ಕೆ ಹಕ್ಕು ಬಿಟ್ಟುಕೊಟ್ಟಂತೆ ಆಗುವುದಿಲ್ಲ. ಆದರೆ ‘ನಮ್ಮ ತಕರಾರು ಬಾಕಿ ಇದೆ, ಅದಕ್ಕೆ ಧಕ್ಕೆಯಾಗದಂತೆ ಭಾಗವಹಿಸುತ್ತಿದ್ದೇವೆ’ ಎಂದು ಮುಂಚೆಯೇ ಒಂದು ಮೇಲ್ ಹಾಕಿಡಿ. ಸಂಭಾವನೆ, ಓಡಾಟದ ಖರ್ಚು ಬರವಣಿಗೆಯಲ್ಲಿ ಇರಲಿ. ಹಾಡು ಬಳಸಲು ಬೇಕಾದ ಲೈಸೆನ್ಸ್ ತರುವುದು ಕಾರ್ಯಕ್ರಮ ನಡೆಸುವವರ ಹೊಣೆ ಎಂದೂ ಬರೆಸಿ. ಅವರು ಅದನ್ನು ವಿಡಿಯೊ ಮಾಡಿ ಬಿಡುವುದಾದರೆ ಅದಕ್ಕೆ ಬೇರೆ ಒಪ್ಪಿಗೆ ಕೇಳಲಿ, ಇಲ್ಲದಿದ್ದರೆ ‘ಲೈವ್ ಇನ್ ಬೆಳಗಾವಿ’ ಎಂಬ ಇನ್ನೊಂದು ಆಲ್ಬಮ್ ಹೊರಬಿದ್ದೀತು. ಸೌಂಡ್‌ಚೆಕ್ ಹೊತ್ತಿಗೆ ಯಾರಾದರೂ ‘ಸರ್, ಸುಮ್ನೆ ಫಾರ್ಮಾಲಿಟಿ’ ಎಂದು ಕಾಗದ ಚಾಚಿದರೆ ಫೋಟೊ ತೆಗೆದುಕೊಳ್ಳಿ, ‘ವಕೀಲರಿಗೆ ತೋರಿಸಿ ಸೋಮವಾರ ಕಳಿಸುತ್ತೇವೆ’ ಎಂದು ಹೇಳಿ ಸ್ಟೇಜಿಗೆ ಹೋಗಿ.